ಸಿಗ್ನೆಯ ಮದುವೆ ಕಂಬಳಿ ತೊಳೆದದ್ದು

ವೆಗಾರನ ಮೂಗು ಹೇಸುವ ಜಾತಿಯದಲ್ಲ. ಹೇಸುವ ಮೂಗಾಗಿದ್ದರೆ ಆ ಕೆಲಸದಲ್ಲಿ ಒಂದು ವಾರ ಬಾಳುವುದೂ ಕಷ್ಟವಿತ್ತು. ಸ್ಕಾರ್ವೊಯ ದ್ವೀಪದಲ್ಲಿ ತಮ್ಮಷ್ಟಕ್ಕೆ ಏಳಲಾರದ, ಕೂರಲಾರದ ವಯಸ್ಸಾದವರ ಮನೆಗಳಿಗೆ ಹೋಗಿ ಬೆನ್ನು ತಿಕ್ಕುವುದು, ಉಗುರು ಕತ್ತರಿಸುವುದು, ಒದ್ದೆಯಾದ ಹಾಸಿಗೆ ಬದಲಿಸುವುದು, ರಾತ್ರಿ ತುಂಬಿದ ಪಾತ್ರೆಯನ್ನು ಬೆಳಿಗ್ಗೆ ಚೆಲ್ಲುವುದು, ಇವಕ್ಕಾಗಿ ಪುರಸಭೆ ಅವನಿಗೆ ಸಂಬಳ ಕೊಡುತ್ತಿತ್ತು. ಇಪ್ಪತ್ತಾರರ ಗಂಡಸು ಮಾಡುವ ಕೆಲಸವೇ ಇದು ಎಂದು ಕೇಳುವವರು ಊರಿನಲ್ಲಿದ್ದರು. ವೆಗಾರ್ ಅವರಿಗಿಂತ ಮೊದಲೇ ತನ್ನನ್ನು ತಾನೇ ಆ ಪ್ರಶ್ನೆ ಕೇಳಿಕೊಂಡು, ನಕ್ಕು, ಉತ್ತರವನ್ನೂ ಸಿದ್ಧಮಾಡಿಟ್ಟುಕೊಂಡಿದ್ದ: ಮೀನುಗಾರರ ಮನೆಯಲ್ಲಿ ಹುಟ್ಟಿ, ದೋಣಿ ಹತ್ತಿದರೆ ವಾಂತಿ ಮಾಡುವವನಿಗೆ ಇನ್ಯಾವ ಕೆಲಸ ಸಿಕ್ಕೀತು. ನಡುಗಡಲಿನ ಮಾತು ಹಾಗಿರಲಿ, ದಡಕ್ಕೆ ಕಟ್ಟಿದ ದೋಣಿಯಲ್ಲಿ ಕೂತರೂ ಅವನ ಹೊಟ್ಟೆ ತೊಳಸುತ್ತಿತ್ತು. “ನಾವೆಲ್ಲ ಕಡಲಿಂದ ಮೀನು ತರ್ತೀವಿ, ಇವನು ಕಡಲಿಗೆ ಬೆಳಗಿನ ತಿಂಡಿ ಕೊಟ್ಟು ಬರ್ತಾನೆ” ಎಂದು ಅವನ ಅಪ್ಪ ಹೇಳದೆ ಮುಗಿದ ಕ್ರಿಸ್‌ಮಸ್ ಊಟವಿಲ್ಲ.

ಇಂಥ ಗಟ್ಟಿ ಮೂಗು ಒಂದೇ ಒಂದು ಕಡೆ ಸೋಲುತ್ತಿತ್ತು. ಅದು ಊರಭವನದ ಗೋಡೆಗೆ ತೂಗುಹಾಕಿದ ಕಂಬಳಿಯ ಎದುರು.

ಪುರಸಭೆಯ ಸಂಬಳ ಸಾಲದೆ ವೆಗಾರ್ ಪ್ರತಿ ಸೋಮವಾರ ಊರಭವನದ ನೆಲ ಒರೆಸುವ ಕೆಲಸವನ್ನೂ ಒಪ್ಪಿಕೊಂಡಿದ್ದ. ಹಾಗಾಗಿ ವಾರಕ್ಕೊಮ್ಮೆ ಆ ಕಂಬಳಿಯ ದರ್ಶನ ತಪ್ಪುತ್ತಿರಲಿಲ್ಲ. ಜೋಡಿ ಮಂಚದಷ್ಟು ಅಗಲದ ದೋಣಿಗಂಬಳಿ ಅದು. ಹಿಂದಿನವರು ತೆರೆದ ದೋಣಿಗಳಲ್ಲಿ ರಾತ್ರಿ ಕಳೆಯುವಾಗ ಹೊದೆಯುತ್ತಿದ್ದಂಥದ್ದು. ಒಂದು ಮಗ್ಗುಲು ನೇಯ್ಗೆ, ಇನ್ನೊಂದು ಮಗ್ಗುಲು ಕುರಿಯ ಮೈಯಂತೆ ಉದ್ದುದ್ದ ಉಣ್ಣೆ. ಬಣ್ಣ ಯಾವುದೆಂದು ಕೇಳಿದರೆ ಹಳೆಯ ಬಾಣಲೆಯ ತಳ ತೋರಿಸಬೇಕು. ಉಣ್ಣೆಯ ಎಳೆಗಳು ಜಿಡ್ಡಿನಿಂದ ಒಂದಕ್ಕೊಂದು ಅಂಟಿ ಬಾಲಗಳಂತೆ ಜೋತಾಡುತ್ತಿದ್ದವು. ವಾಸನೆಯಂತೂ ಹಳಸಿದ ಮೀನೆಣ್ಣೆಯದು. ಮೂಗಿನಿಂದ ಒಳಹೊಕ್ಕು ನಾಲಗೆಯ ಮೇಲೆ ಹೋಗಿ ಕೂತರೆ ಮಧ್ಯಾಹ್ನ ಆಲೂಗಡ್ಡೆ ತಿಂದರೂ ಅದೇ ರುಚಿ, ಕಾಫಿ ಕುಡಿದರೂ ಅದೇ ರುಚಿ. ವೆಗಾರ್ ಆ ಗೋಡೆಯ ಬಳಿ ಉಸಿರು ಬಿಗಿಹಿಡಿದು ಒರೆಸುತ್ತಿದ್ದ. ಊರಿನಲ್ಲಿ ಅತ್ಯಂತ ಬೇಗ ಒರೆಸಿ ಮುಗಿಯುತ್ತಿದ್ದ ನೆಲ ಅದೇ.

ಕಂಬಳಿಯ ಕೆಳಗೆ ಹಿತ್ತಾಳೆಯ ಫಲಕವಿತ್ತು. ಅದರ ಮೇಲೆ ಸಿಗ್ನೆ, ಎಡ್ವಿನ್ ಎಂಬ ಎರಡು ಹೆಸರು, 1950 ಎಂಬ ವರ್ಷ. ಆ ಶರತ್ಕಾಲದಲ್ಲಿ ಅವರ ಮದುವೆಯಾಯಿತು. ಸಿಗ್ನೆಯ ತಾಯಿ, ತಂಗಿ ಸೇರಿ ನೇಯ್ದ ಈ ಕಂಬಳಿ ಮದುವೆಯ ಉಡುಗೊರೆ. ತಿಂಗಳು ತುಂಬುವ ಮೊದಲು ಗಂಡ ಹೆಂಡತಿ ಒಂದು ಹೊಲಿಗೆಯಂತ್ರವನ್ನೂ ಒಂದು ಬುಟ್ಟಿ ಕೋಳಿಗಳನ್ನೂ ದೋಣಿಗೆ ಹೇರಿಕೊಂಡು ಎಡ್ವಿನ್ನನ ದ್ವೀಪಕ್ಕೆ ಹೊರಟರು. ಹಿಂದಿನ ದಿನ ಮಳೆ ಹೊಡೆದು ಕಂಬಳಿ ನೆನೆದಿತ್ತು. ಒಣಗಿದ ಮೇಲೆ ಬಂದು ಒಯ್ಯುತ್ತೇವೆ ಎಂದು ಬಿಟ್ಟುಹೋದರು. ಅಂದು ಮಧ್ಯಾಹ್ನ ಗಾಳಿ ಎದ್ದಿತು. ಆಮೇಲೆ ದೋಣಿಯೂ ಸಿಗಲಿಲ್ಲ, ಅವರೂ ಸಿಗಲಿಲ್ಲ. ಕೋಳಿಗಳು ಮಾತ್ರ ಒಂದೆರಡು ದಡಕ್ಕೆ ಬಂದು ಬಿದ್ದವು.

ಸತ್ತದ್ದು ಅಕ್ಟೋಬರಿನಲ್ಲಿ. ಸ್ಮರಣೆಯ ದಿನ ಮಾತ್ರ ಜುಲೈಯಲ್ಲಿ. ಅಕ್ಟೋಬರಿನಲ್ಲಿ ಪ್ರವಾಸಿಗಳು ಬರುವುದಿಲ್ಲವಲ್ಲ. ಇದನ್ನು ತೀರ್ಮಾನಿಸಿದವಳು ಸ್ಮಾರಕ ಸಮಿತಿಯ ಅಧ್ಯಕ್ಷೆ ಗೆರ್ದಾ. ಊರಿನ ಅಂಗಡಿ ನಡೆಸುವವಳೂ ಅವಳೇ, ವೆಗಾರನ ತಾಯಿಗೆ ದೊಡ್ಡಪ್ಪನ ಮಗಳೂ ಅವಳೇ, ನೆಲ ಒರೆಸುವ ಕೆಲಸ ಕೊಡಿಸಿದವಳೂ ಅವಳೇ. ವೆಗಾರ್ ಅವಳನ್ನು ಚಿಕ್ಕಮ್ಮ ಎನ್ನುತ್ತಿದ್ದ. ಎದುರು ಮಾತಾಡುತ್ತಿರಲಿಲ್ಲ. ಅವಳಿಗೆ ಎದುರು ಮಾತಾಡಿದವರಿಗೆ ಅಂಗಡಿಯಲ್ಲಿ ಹಾಲು ಮುಗಿದಿರುತ್ತಿತ್ತು.

ಕಂಬಳಿ ನೇಯ್ದ ತಂಗಿ ಇನ್ನೂ ಬದುಕಿದ್ದಳು. ಅವಳೇ ಯೋರ್ದಿಸಜ್ಜಿ. ವೆಗಾರನ ದಿನದ ಮೊದಲ ಮನೆ ಅವಳದು. ಸೊಂಟದಿಂದ ಕೆಳಗೆ ಶಕ್ತಿಯಿಲ್ಲ, ಸೊಂಟದಿಂದ ಮೇಲೆ ಯಾರಿಗೂ ಹೆದರಿಕೆಯಿಲ್ಲ. ಮನೆಯೋ, ಒಳಗೆ ಕಾಲಿಟ್ಟರೆ ಹಸಿರು ಸೋಪಿನ ವಾಸನೆ ಬಿಟ್ಟು ಬೇರೇನೂ ಇಲ್ಲ. ಸ್ಪೂನುಗಳನ್ನು ತಾನೇ ಇನ್ನೊಮ್ಮೆ ತೊಳೆಯುತ್ತಿದ್ದಳು, ವೆಗಾರ್ ತೊಳೆದ ಮೇಲೆ, ಅವನ ಕಣ್ಣೆದುರಿಗೇ.

ಇಂಥವಳು ಆ ವಸಂತದಲ್ಲಿ ಒಂದು ವಿಚಿತ್ರ ಹಠ ಹಿಡಿದಳು. ಬೆಳಗಿನ ಪಾತ್ರೆಯನ್ನು ಚೆಲ್ಲಬೇಡ, ನೆಲಮಾಳಿಗೆಯ ಬಕೆಟ್ಟಿಗೆ ಸುರಿ ಎಂದಳು. ಯಾಕೆಂದು ಕೇಳಿದರೆ “ನಿನಗ್ಯಾಕೆ, ಸುರಿ” ಎಂದಳು. ಒಂದು ಬಕೆಟ್ ತುಂಬಿತು. ಇನ್ನೊಂದು ಇಡಿಸಿದಳು. ಮುಚ್ಚಳ ಹಾಕಿದರೂ ಅದರ ಘಾಟು ಕಣ್ಣಲ್ಲಿ ನೀರು ತರಿಸುತ್ತಿತ್ತು. ಅಜ್ಜಿಗೆ ಅರಳುಮರಳು ಶುರುವಾಯಿತೆಂದು ವೆಗಾರನಿಗೆ ಸಂಕಟವಾಯಿತು. ನರ್ಸ್ ಬಂದಾಗ ಬಾಗಿಲ ಬಳಿ ಪಿಸುಗುಟ್ಟಿದ. ನರ್ಸ್ ಒಳಹೋಗಿ, ಇವತ್ತು ಯಾವ ವಾರ, ಪ್ರಧಾನಿ ಯಾರು ಎಂದೆಲ್ಲ ಕೇಳಿದಳು. ಅಜ್ಜಿ ಎಲ್ಲಕ್ಕೂ ಉತ್ತರ ಹೇಳಿ, “ಈ ಹುಡುಗನಿಗೆ ಹೇಳು ತಾಯಿ, ಚಾಡಿ ಹೇಳೋದಿದ್ರೆ ಬಾಗಿಲು ಮುಚ್ಕೊಂಡು ಹೇಳ್ಬೇಕು ಅಂತ” ಎಂದಳು.

ಜುಲೈ ಬಂತು. ಸ್ಮರಣೆಯ ದಿನ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕರೆತರುವ ಕೆಲಸ ವೆಗಾರನಿಗೆ ಬಿತ್ತು. ಅಜ್ಜಿ ನಾಲ್ಕು ವರ್ಷದಿಂದ ಬಂದಿರಲಿಲ್ಲ. ಈ ಸಲ ತಾನಾಗಿ ಬರುತ್ತೇನೆಂದಳು. ಗೆರ್ದಾಗೆ ಸಂತೋಷವೋ ಸಂತೋಷ. ಬಲಿಯಾದವಳ ಸ್ವಂತ ತಂಗಿಯೇ ಮುಂದಿನ ಸಾಲಿನಲ್ಲಿ ಕೂತರೆ ಅದರ ಗತ್ತೇ ಬೇರೆ.

ಭವನದ ತುಂಬ ಜನ. ಒಂದು ಮೂಲೆಯಲ್ಲಿ ದೋಸೆಯಂತೆ ಹುಯ್ದ ವಾಫಲ್, ಅದರ ಮೇಲೆ ಕಂದು ಚೀಸು, ಜಾಮು. ಕಿಟಕಿ ತೆಗೆದಿರಲಿಲ್ಲ. ತೆಗೆದರೆ ವಾಸನೆ ಹೊರಟುಹೋಗುತ್ತದಂತೆ. ಬೆಣ್ಣೆಯ ಕಮಟು, ಒದ್ದೆ ಕೋಟುಗಳ ಬೆವರು, ಅವುಗಳ ಮೇಲೆಲ್ಲ ಕಂಬಳಿಯ ಎಣ್ಣೆನಾತ ಸೇರಿ ಭವನದೊಳಗಿನ ಗಾಳಿಯನ್ನು ಚಮಚದಲ್ಲಿ ಎತ್ತಬಹುದಿತ್ತು. ವೆಗಾರ್ ಬಾಯಲ್ಲಿ ಉಸಿರಾಡುತ್ತ ಕುರ್ಚಿಯ ಹಿಂದೆ ನಿಂತ.

ಗೆರ್ದಾ ಮಾತಾಡಿದಳು. ಅವಳ ದನಿ ಅಂಗಡಿಯಲ್ಲಿ ಒಂದು, ವೇದಿಕೆಯ ಮೇಲೆ ಇನ್ನೊಂದು.

“ಕಣ್ಣು ಮುಚ್ಚಿ. ಹತ್ತಿರ ಬನ್ನಿ. ಉಸಿರು ಎಳೆದುಕೊಳ್ಳಿ. ಇದು ಸಿಗ್ನೆ. ಇದು ಎಡ್ವಿನ್. ಕಡಲು ಅವರನ್ನು ಕೊಂಡೊಯ್ದರೂ ಅವರ ವಾಸನೆಯನ್ನು ನಾವು ಕಡಲಿಗೆ ಬಿಟ್ಟುಕೊಟ್ಟಿಲ್ಲ. ಅದಕ್ಕಾಗಿಯೇ ಈ ಕಂಬಳಿಯನ್ನು ಒಮ್ಮೆಯೂ ತೊಳೆದಿಲ್ಲ, ತೊಳೆಯುವುದೂ ಇಲ್ಲ.”

ಜನ ಸಾಲಾಗಿ ಬಂದು ಆ ಜಿಡ್ಡಿನ ಉಣ್ಣೆಗೆ ಮುಖ ಒತ್ತಿದರು. ಒಬ್ಬ ದಪ್ಪ ಮನುಷ್ಯ ಜಾಮು ಮೆತ್ತಿದ ಬೆರಳುಗಳಿಂದ ಅದನ್ನು ನೇವರಿಸಿದ. ಅವನ ಹಿಂದಿನ ಹೆಂಗಸು ಅದೇ ಜಾಗಕ್ಕೆ ಕೆನ್ನೆಯಿಟ್ಟಳು. ಇನ್ನೊಬ್ಬಳು ಮೂಗು ಏರಿಸಿ, ಕಣ್ಣೊರೆಸಿಕೊಂಡು, ಮೂಗನ್ನೂ ಅದಕ್ಕೇ ಒರೆಸಿದಳೇನೋ ಎಂದು ವೆಗಾರನಿಗೆ ಅನುಮಾನ. “ಕಡಲು, ಕಡಲಿನ ವಾಸನೆಯೇ” ಎಂದು ಯಾರೋ ನಿಟ್ಟುಸಿರಿಟ್ಟರು. ಕಡಲಿನ ವಾಸನೆ ಬೇಕಿದ್ದರೆ ಬಾಗಿಲು ತೆರೆದರೆ ಸಾಕಿತ್ತು. ಕಡಲು ಇಪ್ಪತ್ತು ಮಾರು ದೂರದಲ್ಲಿತ್ತು.

“ಸಿಗ್ನೆ ಹೀಗೆ ನಾರ್ತಿರ್ಲಿಲ್ಲ.”

ಯೋರ್ದಿಸಜ್ಜಿ ಕೂಗಿ ಹೇಳಲಿಲ್ಲ. ಹವಾಮಾನದ ಬಗ್ಗೆ ಹೇಳಿದಂತೆ ಹೇಳಿದಳು. ಆದರೂ ಸಾಲಿನಲ್ಲಿದ್ದವರು ಅಲ್ಲೇ ನಿಂತರು.

“ಯೋರ್ದಿಸಕ್ಕನಿಗೆ ವಯಸ್ಸಾಗಿದೆ. ನೆನಪು ಬಹಳ ನೋವಿನದು” ಎಂದು ಗೆರ್ದಾ ಮೆಲ್ಲನೆ ನಕ್ಕಳು. ನಗುತ್ತಲೇ ವೆಗಾರನ ಕಡೆ ನೋಡಿ ಗದ್ದವನ್ನು ಬಾಗಿಲ ಕಡೆಗೆ ತಿರುಗಿಸಿದಳು. ಅಷ್ಟೇ. ವೆಗಾರನ ಕೈಗಳು ಅವನನ್ನು ಕೇಳದೆ ಗಾಲಿಕುರ್ಚಿಯನ್ನು ತಿರುಗಿಸಿದವು. ಅಜ್ಜಿ ಇನ್ನೂ ಏನೋ ಹೇಳುವುದಿತ್ತು. ಅವಳ ಬಾಯಿ ತೆರೆದಿದ್ದಾಗಲೇ ಅವಳನ್ನು ಹೊರಗೆ ತಳ್ಳಿಕೊಂಡು ಬಂದ.

ಹೊರಗೆ ಬಂದ ಮೇಲೆ ಅವನಿಗೆ ತನ್ನ ಮೇಲೆಯೇ ವಾಕರಿಕೆ ಬಂತು. ತಳ್ಳುಗಾಡಿಯಾದರೂ ತಳ್ಳಿದರೆ ಕಿರುಗುಟ್ಟುತ್ತದೆ; ತಾನು ಅಷ್ಟೂ ಮಾಡಲಿಲ್ಲ ಎಂದುಕೊಂಡ.

“ನಿನ್ನ ಗಾಲಿಗಳು ಚೆನ್ನಾಗಿ ಓಡ್ತವೆ ಕಣೋ” ಎಂದಳು ಅಜ್ಜಿ.

“ಕ್ಷಮಿಸಿ ಅಜ್ಜಿ.”

“ಕುರ್ಚಿಗಲ್ಲ ಹೇಳಿದ್ದು, ನಿನಗೆ.”

ಅವನು ಮುಂದಕ್ಕೆ ತಳ್ಳಿದ. ಒಣಮೀನು ತೂಗುವ ಖಾಲಿ ಅಟ್ಟಣಿಗೆಗಳ ಬಳಿ ಅಜ್ಜಿ ಕೈಯೆತ್ತಿ ನಿಲ್ಲಿಸಿದಳು.

“ಆ ವಾಸನೆ ಎಲ್ಲಿಂದ ಬಂತು ಗೊತ್ತಾ ನಿಂಗೆ? ಅವರು ಹೋದ್ಮೇಲೆ ಅಮ್ಮನಿಗೆ ಆ ಕಂಬಳಿ ಕಣ್ಣಲ್ಲಿ ನೋಡಕ್ಕಾಗ್ಲಿಲ್ಲ. ಮಾವನಿಗೆ ಕೊಟ್ಬಿಟ್ಳು. ಮಾವ ಮೀನೆಣ್ಣೆ ಕಾಯಿಸೋ ಕಡೆ ಇದ್ದ. ಎಣ್ಣೆ ತೆಗೆಯಕ್ಕೆ ಮೀನಿನ ಈಲಿ ತುಂಬಿಡೋ ಪೀಪಾಯಿಗೆ ಹೊದಿಸ್ದ. ಮೂವತ್ತು ವರ್ಷ ಅಲ್ಲಿತ್ತು ಅದು. ಆಮೇಲೆ ಭವನ ಕಟ್ಟಿದ್ರು, ಗೋಡೆ ಖಾಲಿ ಕಾಣ್ತು, ತಂದು ನೇತುಹಾಕಿದ್ರು. ಇದು ಊರಲ್ಲಿ ಹಳಬರಿಗೆಲ್ಲ ಗೊತ್ತಿತ್ತು. ಹಳಬರು ಸತ್ರು.”

“ಮತ್ತೆ ನೀವು ಹೇಳ್ಲಿಲ್ವಾ?”

“ಹೇಳ್ದಾಗ್ಲೆಲ್ಲ ಯಾರೋ ಒಬ್ಬ ಕುರ್ಚಿ ತಳ್ತಾನೆ.”

ಅವಳೇ ಮುಂದುವರಿಸಿದಳು. “ಸಿಗ್ನೆ ಏನ್ ಗೊತ್ತಾ? ಚೊಕ್ಕ ಅಂದ್ರೆ ಹುಚ್ಚು ಚೊಕ್ಕ. ಮೀನು ಕುಯ್ದು ಬಂದ್ರೆ ಬರ್ಚ್ ಮರದ ಎಲೆ ಕುದಿಸಿ ತಲೆ ತೊಳ್ಯೋಳು, ಚಳೀಲೂ. ಎಡ್ವಿನ್ ಮದುವೆಗೆ ಕೇಳಕ್ಕೆ ಬಂದಾಗ, ಮೊದ್ಲು ಆ ಬೂಟು ಹೊರಗೆ ಬಿಡು, ಆಮೇಲೆ ಮಾತು ಅಂದ್ಳು. ಅಂಥೋಳ ಹೆಸರು ಹೇಳ್ಕೊಂಡು ಜನ ಈಲಿ ಪೀಪಾಯಿ ಮೂಸ್ತಿದಾರೆ. ನಾನು ಸತ್ರೆ ಸಿಗ್ನೆ ಅಂದ್ರೆ ಆ ನಾತ ಅಷ್ಟೇ ಉಳ್ಯೋದು. ಬೇರೆ ಥರ ಇದ್ಳು ಅಂತ ಹೇಳೋರೇ ಇರಲ್ಲ.”

ಆಮೇಲೆ ಅವಳು ಕೇಳಿದ್ದು ಇಷ್ಟು: ಆ ಕಂಬಳಿಯನ್ನು ಒಂದು ಸಲ ತೊಳೆಯಬೇಕು. ದೋಣಿಗಂಬಳಿಯನ್ನು ಪ್ರತಿ ಬೇಸಿಗೆಯೂ ತೊಳೆಯುವುದು ಪದ್ಧತಿ. ಹಗ್ಗ ಕಟ್ಟಿ ದೋಣಿಯ ಹಿಂದೆ ಕಡಲಿನಲ್ಲಿ ಎಳೆಯುವುದು. ಆದರೆ ಎಣ್ಣೆ ಹಿಡಿದ ಉಣ್ಣೆಗೆ ಬರೀ ಕಡಲು ಸಾಲದು. ಮೊದಲು ಹಳಸಿದ ಉಚ್ಚೆಯಲ್ಲಿ ನೆನೆಸಿ ತುಳಿಯಬೇಕು. ಅವಳ ಅಮ್ಮ, ಅಮ್ಮನ ಅಮ್ಮ, ಊರಿನ ಎಲ್ಲ ಅಮ್ಮಂದಿರೂ ಉಣ್ಣೆ ತೊಳೆದದ್ದು ಹಾಗೆಯೇ.

ವೆಗಾರನಿಗೆ ನೆಲಮಾಳಿಗೆಯ ಬಕೆಟ್ಟುಗಳ ಅರ್ಥವಾಯಿತು.

“ಆಗಲ್ಲ ಅಜ್ಜಿ” ಎಂದ. “ನನ್ನ ಕೆಲಸ ಹೋಗುತ್ತೆ. ಗೆರ್ದಾ ಚಿಕ್ಕಮ್ಮ ನನ್ನ ತೊಗಲು ಸುಲೀತಾಳೆ.”

“ಆಯ್ತು” ಎಂದಳು ಅಜ್ಜಿ. “ತಳ್ಳು.”

ಸೋಮವಾರ ವೆಗಾರ್ ನೆಲ ಒರೆಸಲು ಹೋದ. ಸ್ಮರಣೆಯ ದಿನದ ಕೊಳೆ ನೆಲದ ತುಂಬ ಇತ್ತು. ವಾಫಲ್ಲಿನ ಚೂರು ತುಳಿದು ಅಂಟಿಸಿ ಹೋಗಿದ್ದರು. ಸೋಪು ಮುಗಿದಿತ್ತು. ವೇದಿಕೆಯ ಹಿಂದಿನ ಗೂಡಿನಲ್ಲಿ ಸೋಪಿಗಾಗಿ ತಡಕಾಡಿದಾಗ ಒಂದು ಬಾಟಲಿ ಕೈಗೆ ಸಿಕ್ಕಿತು. ಜೊತೆಗೆ ಗೋಡೆಗೆ ಬಣ್ಣ ಹಚ್ಚುವಂಥ ಅಗಲದ ಬ್ರಷ್ಷು. ಮುಚ್ಚಳ ತೆಗೆದು ಮೂಸಿದ. ಮೂಸಬಾರದಿತ್ತು. ಮೀನೆಣ್ಣೆ, ಅದೂ ಬೇಕೆಂದೇ ಬಿಸಿಲಿಗಿಟ್ಟು ಕೆಡಿಸಿದ್ದು.

ಅವನು ಬಾಟಲಿ ಹಿಡಿದು ನಿಂತಿರುವಾಗಲೇ ಗೆರ್ದಾ ಲೋಟಗಳನ್ನು ಎಣಿಸಿಕೊಂಡು ಹೋಗಲು ಬಂದಳು.

“ಇದೇನು ಚಿಕ್ಕಮ್ಮ?”

ಅವಳು ನಾಚಿಕೊಂಡಿದ್ದರೆ ಅವನು ಬಹುಶಃ ಬಾಟಲಿಯನ್ನು ಮತ್ತೆ ಗೂಡಿನಲ್ಲಿಟ್ಟು ನೆಲ ಒರೆಸುತ್ತಿದ್ದ. ಅವಳು ನಾಚಲಿಲ್ಲ.

“ಮೇ ತಿಂಗಳಲ್ಲಿ ಒಂದು ಕೈ ಹಚ್ತೀನಿ. ಎಷ್ಟೋ ವರ್ಷ ಆಯ್ತು, ವಾಸನೆ ಕಮ್ಮಿಯಾಗ್ತಾ ಬಂದಿತ್ತು ಕಣೋ. ಪಾಪ ಅಷ್ಟು ದೂರದಿಂದ ಬರ್ತಾರೆ, ಏನೂ ವಾಸನೆ ಬರ್ದಿದ್ರೆ ಬೇಜಾರಾಗಲ್ವಾ ಅವರಿಗೆ?”

“ಇದು ಸಿಗ್ನೆ ಅಂತ ಹೇಳಿದ್ರಲ್ಲ.”

“ಸಿಗ್ನೆನ ಯಾರು ನೋಡಿದ್ದಾರೆ ಈಗ? ಮುಚ್ಚಳ ಬಿಗಿಯಾಗಿ ಹಾಕು. ಸೋರುತ್ತೆ.”

ಅವಳು ಲೋಟಗಳನ್ನು ಎತ್ತಿಕೊಂಡು ಹೋದಳು. ಅಂದು ಮಧ್ಯಾಹ್ನ ಅಂಗಡಿಗೆ ಸಾಮಾನು ತರಲು ದೊಡ್ಡ ಊರಿಗೆ ಹಡಗು ಹತ್ತಿದಳು. ಮರುದಿನದವರೆಗೆ ಬರುವವಳಲ್ಲ. ಹಡಗು ಬಂದರು ದಾಟಿದ್ದನ್ನು ನೋಡಿ ವೆಗಾರ್ ಏಣಿ ತಂದ. ಅವನಿಗೆ ಧೈರ್ಯ ಬಂದಿರಲಿಲ್ಲ. ಬಾಟಲಿಯ ವಾಸನೆ ಅಂಗೈಗೆ ಹತ್ತಿತ್ತು. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಅದನ್ನು ಹೊತ್ತುಕೊಂಡು ಮಾರನೆಯ ಬೆಳಿಗ್ಗೆ ಯೋರ್ದಿಸಜ್ಜಿಯ ಮುಖ ತೊಳೆಸುವುದು ಹೇಗೆ ಎಂಬುದೊಂದೇ ಅವನಿಗೆ ತೋಚಿದ್ದು.

ಕಂಬಳಿ ಗೋಡೆಯಿಂದ ಇಳಿಯುವಾಗ ಅವನ ಮೇಲೆಯೇ ಬಿತ್ತು. ಆ ಜೋತಾಡುವ ಬಾಲಗಳು ಕತ್ತಿನ ಸುತ್ತ, ಕಿವಿಯೊಳಗೆ, ತುಟಿಯ ಮೇಲೆ. ಊರಿನ ಹೊರಗಿನವರ ಕೆನ್ನೆ, ಮೂಗು, ಜಾಮು ಎಲ್ಲದರ ಜೊತೆ ಒಮ್ಮೆಗೇ ನಂಟಾದಂತಾಯಿತು. ಹೆಣದಷ್ಟು ಭಾರವಿತ್ತು. ಮೀನಿನ ಕೈಗಾಡಿಗೆ ಹೇರಿ, ಹಗಲು ಹೊತ್ತಿನಲ್ಲೇ, ಊರ ನಡುವೆಯೇ ತಳ್ಳಿಕೊಂಡು ಹೋದ. ಯಾರೂ ಕೇಳಲಿಲ್ಲ. ಆ ಹುಡುಗ ಯಾವಾಗಲೂ ಯಾರದೋ ಹೊಲಸು ತಳ್ಳಿಕೊಂಡು ಹೋಗುತ್ತಿರುತ್ತಾನೆ.

ಅಜ್ಜಿ ಅವನನ್ನೂ ಗಾಡಿಯನ್ನೂ ನೋಡಿದಳು. ಶಾಬಾಸ್ ಎನ್ನಲಿಲ್ಲ.

“ಪ್ಯಾಂಟು ಮಡಚು” ಎಂದಳು.

ಹಿತ್ತಲಲ್ಲಿ ಮೀನಿಗೆ ಉಪ್ಪು ಹಾಕುವ ಹಳೆಯ ತೊಟ್ಟಿಯಿತ್ತು. ನೀರು ಕಾಯಿಸಿ ಸುರಿದು, ನೆಲಮಾಳಿಗೆಯ ಬಕೆಟ್ಟುಗಳನ್ನು ಒಂದೊಂದಾಗಿ ತಂದು ಅದಕ್ಕೆ ಬೆರೆಸಿದ. ಬಿಸಿ ತಗಲಿದ್ದೇ ಘಾಟು ಎದ್ದು ಮುಖಕ್ಕೆ ಬಡಿಯಿತು. ಕಣ್ಣು, ಮೂಗು, ಬಾಯಿ ಎಲ್ಲ ಒಟ್ಟಿಗೆ ಸುರಿಯತೊಡಗಿತು. ತೊಟ್ಟಿಗಿಳಿದಾಗ ಬೆರಳ ಸಂದುಗಳಿಗೆ ಬೆಚ್ಚಗಿನ ಲೋಳೆ ನುಗ್ಗಿತು. ಎಣ್ಣೆ ಬಿಟ್ಟುಕೊಂಡು ಕಂದು ನೊರೆಯಾಗಿ ಮೊಣಕಾಲಿಗೇರಿತು.

“ಹಿಮ್ಮಡೀಲಿ ತುಳಿ. ಹುಡುಗೀರು ಡ್ಯಾನ್ಸ್ ಮಾಡ್ದಂಗೆ ಬೆರಳಲ್ಲಿ ಅಲ್ಲ.”

“ಉಸಿರಾಡಕ್ಕೆ ಆಗ್ತಿಲ್ಲ ಅಜ್ಜಿ.”

“ಉಸಿರಾಡು ಅಂತ ಯಾರು ಹೇಳಿದ್ರು, ತುಳಿ ಅಂದೆ.”

“ಮೇಲಿನ ಮನೆ ಈವಾರಣ್ಣ ಬೇಲಿ ಹತ್ರ ನಿಂತು ನೋಡ್ತಿದಾರೆ.”

“ನೋಡ್ಲಿ. ಈವಾರ, ನೋಡಪ್ಪ ನೋಡು. ನಿಮ್ಮಪ್ಪನ ಒಳಚಡ್ಡೀನೂ ನಿಮ್ಮಜ್ಜಿ ಹೀಗೇ ಒಗ್ದಿದ್ದು.”

ಈವಾರ್ ಮೂಗು ಮುಚ್ಚಿಕೊಂಡು ಮನೆಯೊಳಗೆ ಹೋದ. ಕಿಟಕಿ ಮುಚ್ಚಿದ ಸದ್ದು ಕೇಳಿಸಿತು.

ಆಮೇಲೆ ಕಡಲು. ಅಪ್ಪನ ಚಿಕ್ಕ ದೋಣಿ ಬಿಚ್ಚಿ, ಕಂಬಳಿಯ ಎರಡು ಮೂಲೆಗೆ ಹಗ್ಗ ಬಿಗಿದು, ಉಣ್ಣೆಯ ಮಗ್ಗುಲು ಕೆಳಗಾಗುವಂತೆ ನೀರಿಗಿಳಿಸಿ ಹುಟ್ಟು ಹಾಕಿದ. ಅಜ್ಜಿ ಕಟ್ಟೆಯ ಮೇಲೆ ಕುರ್ಚಿಯಲ್ಲಿ ಕೂತು, ಎಡಕ್ಕೆ, ಬಲಕ್ಕೆ, ಇನ್ನೂ ದೂರ ಎಂದು ಕೋಲೆತ್ತಿ ತೋರಿಸುತ್ತಿದ್ದಳು. ನೆನೆದ ಕಂಬಳಿ ದೋಣಿಯನ್ನು ಹಿಂದಕ್ಕೆ ಎಳೆಯುತ್ತಿತ್ತು. ಅದರಿಂದ ಎಣ್ಣೆ ಬಿಟ್ಟು ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡಿತು. ಎಲ್ಲಿದ್ದವೋ, ಕಡಲಹಕ್ಕಿಗಳು ಗುಂಪುಗಟ್ಟಿ ಬಂದು ಆ ಪೊರೆಗೆ ಕೊಕ್ಕು ಹಾಕಿ, ಉಗುಳಿ, ಬೈದುಕೊಂಡು ಹಾರಿದವು. ವೆಗಾರ್ ಬಂದರಿನ ಬಾಯಿ ದಾಟುವ ಮೊದಲೇ ದೋಣಿಯ ಅಂಚಿಗೆ ಬಾಗಿದ. ಹೊಟ್ಟೆ ಖಾಲಿಯಾದ ಮೇಲೂ ಬಾಗಿದ. ಮನುಷ್ಯ ಜಾತಿಯ ಎಲ್ಲ ಹೊಲಸನ್ನೂ ದಿನಾ ನುಂಗಿಕೊಳ್ಳುವ ಕಡಲಿಗೆ ತನ್ನದೊಂದು ಚೂರು ಹೆಚ್ಚಾಗಲಾರದು ಎಂದುಕೊಂಡು ಮತ್ತೆ ಹುಟ್ಟು ಹಾಕಿದ.

ನೀರಿನ ಮೇಲೆ ಪೊರೆ ಮೂಡುವುದು ನಿಂತ ಮೇಲೆ ಅಜ್ಜಿ ಕೋಲು ಇಳಿಸಿದಳು. ಒಣಮೀನಿನ ಅಟ್ಟಣಿಗೆಯ ಮೇಲೆ ಕಂಬಳಿ ಹರಡಿದಾಗ ಅದರಿಂದ ಶುದ್ಧ ನೀರು ಇಳಿಯುತ್ತಿತ್ತು. ನೇಯ್ಗೆಯ ಮಗ್ಗುಲನ್ನು ಮೇಲೆ ಮಾಡಿದ. ಬಾಣಲೆಯ ತಳದ ಬಣ್ಣ ಹೋಗಿತ್ತು. ಕೆಂಪು ಪಟ್ಟೆ, ನೀಲಿ ಪಟ್ಟೆ, ನಡುವೆ ಮಂಜಿನಂಥ ಬಿಳಿ. ಒಂದು ಮೂಲೆಯಲ್ಲಿ ಮಾತ್ರ ಪಟ್ಟೆಗಳು ಸೊಟ್ಟ.

“ಆ ಮೂಲೆ ನಂದು” ಎಂದಳು ಅಜ್ಜಿ. “ಕೊನೇ ಸಾಲು ನಾನೊಬ್ಳೇ ಕೂತು ನೇಯ್ದೆ. ಬಿಚ್ಚಿ ಸರಿ ಮಾಡ್ತೀನಿ ಅಂತ ಅಮ್ಮ ಹೊರಟಿದ್ಳು. ಸಿಗ್ನೆ ಬಿಡ್ಲಿಲ್ಲ. ನನ್ನ ಕಾಲು ಆ ಕಡೆ ಇರುತ್ತೆ, ಕಾಲಿಗೆ ಸೊಟ್ಟ ಗೊತ್ತಾಗಲ್ಲ ಅಂದ್ಳು.”

ಮರುದಿನ ಸಂಜೆ ಗೆರ್ದಾ ಹಡಗಿನಿಂದ ಇಳಿದವಳು ನೇರ ಅಟ್ಟಣಿಗೆಯ ಬಳಿ ಬಂದಳು. ಈವಾರ್ ಬಂದರಿನಲ್ಲೇ ಕಾದು ನಿಂತು ಎಲ್ಲವನ್ನೂ ಹೇಳಿಯಾಗಿತ್ತು. ಸಮಿತಿಯ ಇನ್ನಿಬ್ಬರು ಅವಳ ಹಿಂದೆ ಇದ್ದರು. ವೆಗಾರ್ ಅಜ್ಜಿಯ ಕುರ್ಚಿಯ ಹಿಂದೆ ನಿಂತಿದ್ದ. ನಿಲ್ಲುವುದಕ್ಕೆ ಅವನಿಗೆ ಬೇರೆ ಜಾಗ ಗೊತ್ತಿರಲಿಲ್ಲ.

ಗೆರ್ದಾ ಕಂಬಳಿಗೆ ಮೂಗು ತಂದು, ಎಳೆದು, ಮತ್ತೆ ಎಳೆದಳು.

“ಏನೂ ಇಲ್ಲ” ಎಂದಳು. “ಏನೂ ವಾಸನೆ ಇಲ್ಲ ಇದರಲ್ಲಿ.”

“ಅದಕ್ಕೇ ತೊಳೆದಿದ್ದು” ಎಂದಳು ಅಜ್ಜಿ.

“ಈವಾರ್ ಹೇಳಿದ್ದು ನಿಜಾನಾ? ಉಚ್ಚೇಲಿ?”

“ನನ್ನದೇ. ಹೊರಗಿಂದ ತರ್ಸಿಲ್ಲ.”

ಗೆರ್ದಾ ಕಂಬಳಿ ಮುಟ್ಟಿದ್ದ ಕೈಯನ್ನು ಮೈಯಿಂದ ದೂರ ಹಿಡಿದಳು. ಸಮಿತಿಯ ಒಬ್ಬ ಎರಡು ಹೆಜ್ಜೆ ಹಿಂದೆ ಸರಿದ. ಮೀನಿನ ಈಲಿಯ ಪೀಪಾಯಿಯ ಮೇಲೆ ಮೂವತ್ತು ವರ್ಷ ಬಿದ್ದಿದ್ದ, ನೂರು ಜನ ಮೂಗೊರೆಸಿದ ಬಟ್ಟೆಗೆ ವರ್ಷಾ ವರ್ಷಾ ಕೆನ್ನೆ ಕೊಟ್ಟವರು, ಕಡಲಿನಲ್ಲಿ ಜಾಲಾಡಿ ಗಾಳಿಯಲ್ಲಿ ಒಣಗುತ್ತಿದ್ದ ಉಣ್ಣೆಯ ಎದುರು ಮುಖ ಸಿಂಡರಿಸಿ ನಿಂತಿದ್ದರು. ಅದನ್ನು ನೋಡಿ ವೆಗಾರನಿಗೆ ನಗು ಬಂತು, ಅದರ ಹಿಂದೆಯೇ ವಾಕರಿಕೆಯೂ ಬಂತು.

“ಇದನ್ನು ಮತ್ತೆ ಭವನದಲ್ಲಿ ಹಾಕಕ್ಕಾಗಲ್ಲ” ಎಂದಳು ಗೆರ್ದಾ. “ಜನಕ್ಕೆ ಏನಂತ ಹೇಳೋದು? ಹೊಲಸು ಮಾಡ್ಬಿಟ್ರಿ. ನೀವೇ ಇಟ್ಕೊಳ್ಳಿ, ನಮಗೆ ಬೇಡ. ವೆಗಾರ್, ಸೋಮವಾರದಿಂದ ನೀನು ಬರಬೇಡ. ನಿಮ್ಮಮ್ಮನ ಮುಖ ನೋಡಿ ಇಷ್ಟಕ್ಕೇ ಬಿಟ್ಟಿದ್ದೀನಿ.”

“ಕಂಬಳಿ ಬೇಡ ಅಂದ್ರೆ ಹೆಸರೂ ವಾಪಸ್ ಕೊಡು” ಎಂದಳು ಯೋರ್ದಿಸಜ್ಜಿ.

“ಯಾವ ಹೆಸರು?”

“ಗೋಡೆ ಮೇಲಿರೋದು. ಸಿಗ್ನೆದು, ಎಡ್ವಿನ್‌ದು. ಇನ್ನೇನಾದ್ರೂ ತಂದು ನೇತುಹಾಕ್ತೀಯಾ ಅಂತ ನಂಗೊತ್ತು. ನಿನಗೆ ಗೋಡೆ ಖಾಲಿ ಇದ್ರೆ ನಿದ್ದೆ ಬರಲ್ಲ. ಏನಾದ್ರೂ ಹಾಕು. ಅದಕ್ಕೆ ನನ್ನ ಅಕ್ಕನ ಹೆಸರು ಬರೀಬೇಡ. ಬರೆದ್ರೆ ನಾನು ಪ್ರತಿ ಜುಲೈಗೂ ಬರ್ತೀನಿ. ಮುಂದಿನ ಸಾಲಲ್ಲಿ ಕೂರ್ತೀನಿ. ಇನ್ಮೇಲೆ ಇವನು ನನ್ನ ಹೊರಗೆ ತಳ್ಳಲ್ಲ.”

ಎಲ್ಲರೂ ವೆಗಾರನನ್ನು ನೋಡಿದರು. ಬಾಟಲಿಯ ವಿಷಯ ಹೇಳಬೇಕೆನಿಸಿತು. ಆದರೆ ಬಾಯಿಂದ “ಇಲ್ಲ, ತಳ್ಳಲ್ಲ” ಎಂದಷ್ಟೇ ಬಂತು. ಮಹಾ ಮಾತೇನಲ್ಲ. ಆದರೂ ಗೆರ್ದಾ ಅವನ ಮುಖ ನೋಡುತ್ತ ನಿಂತಳು. ಬಾಟಲಿ ಅವಳಿಗೂ ನೆನಪಾಯಿತೆಂದು ಕಾಣುತ್ತದೆ.

“ತೊಗೊಂಡು ಹೋಗಿ ಆ ಫಲಕಾನೂ” ಎಂದಳು. ಮುಟ್ಟಿದ ಕೈಯನ್ನು ಹಾಗೇ ದೂರ ಹಿಡಿದುಕೊಂಡು ಅಂಗಡಿಯ ಕಡೆ ನಡೆದಳು.

ಫಲಕದ ಸ್ಕ್ರೂ ಬಿಚ್ಚುವುದೇ ಊರಭವನದಲ್ಲಿ ವೆಗಾರನ ಕೊನೆಯ ಕೆಲಸವಾಯಿತು. ವಾರ ಕಳೆಯುವ ಮೊದಲೇ ಆ ಗೋಡೆಯ ಮೇಲೆ ಬೇರೆ ದೋಣಿಗಂಬಳಿ ಬಂತು. ಗೆರ್ದಾಳ ಅಪ್ಪನ ದೋಣಿಮನೆಯಲ್ಲಿ ಹಳೆಯ ಬಲೆಗಳ ಕೆಳಗೆ ಬಿದ್ದಿದ್ದಂಥದ್ದು. ಬೆಕ್ಕು ಅದರಲ್ಲಿ ಎಷ್ಟು ಸಲ ಮರಿ ಹಾಕಿತ್ತೋ. ಕೆಳಗಿನ ಹೊಸ ಬರಹದಲ್ಲಿ ಯಾರ ಹೆಸರೂ ಇಲ್ಲ, ಕಡಲು ಕೊಂಡೊಯ್ದವರ ನೆನಪಿಗೆ ಎಂದಷ್ಟೇ ಇದೆ. ವೆಗಾರ್ ಒಂದು ಮಧ್ಯಾಹ್ನ ಆ ದಾರಿಯಲ್ಲಿ ಹೋಗುತ್ತ ಕಿಟಕಿಯಲ್ಲಿ ಇಣುಕಿದ. ಮಳೆಗೋಟು ತೊಟ್ಟ ಹೆಂಗಸೊಬ್ಬಳು ಕಣ್ಣು ಮುಚ್ಚಿ, ಬೆಕ್ಕಿನ ಮೂತ್ರಕ್ಕೆ ಹಣೆಯೊತ್ತಿ ಅಳುತ್ತಿದ್ದಳು. ಅವಳ ಅಳು ನಿಜವಾದದ್ದೇ. ಅದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಅಸಹ್ಯವೆನಿಸಿತು. ಏಕೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಕಂಬಳಿ ಪೂರ್ತಿ ಒಣಗುವುದಕ್ಕೆ ಬಹಳ ಗಾಳಿ ಬೇಕಾಯಿತು. ಒಣಗಿದ ದಿನ ಅಜ್ಜಿಯ ಮಂಚಕ್ಕೆ ಹೊಸ ಬಟ್ಟೆ ಹಾಸಿ, ಅವಳನ್ನು ಮಲಗಿಸಿ, ಉಣ್ಣೆಯ ಮಗ್ಗುಲು ಮೈಗೆ ತಾಗುವಂತೆ ಹೊದಿಸಿದ. ಸೊಟ್ಟ ಮೂಲೆಯನ್ನು ಅವಳು ಕಾಲಿನ ಕಡೆಗೆ ಹಾಕಿಸಿಕೊಂಡಳು. ಅಂಚನ್ನು ಎರಡೂ ಕೈಯಲ್ಲಿ ಎತ್ತಿ ಮುಖದವರೆಗೆ ತಂದು ಉಸಿರೆಳೆದಳು.

“ಏನಾದ್ರೂ ಉಳಿದಿದ್ಯಾ?” ಎಂದ ವೆಗಾರ್ ಅಳುಕುತ್ತ. ಇನ್ನೊಮ್ಮೆ ತೊಟ್ಟಿಗಿಳಿಯಬೇಕಾದೀತೆಂಬ ಭಯ.

“ಏನೂ ಇಲ್ಲ.” ಅವಳು ಕಣ್ಣು ತೆರೆಯಲಿಲ್ಲ. “ಅವಳೂ ಹೀಗೇ ಇದ್ಳು. ಏನೂ ವಾಸನೆ ಇರ್ತಿರ್ಲಿಲ್ಲ. ಒಂದೇ ಮಂಚದಲ್ಲಿ ಮಲಗ್ತಿದ್ವಿ ನಾವು. ಕತ್ತಲಲ್ಲಿ ಪಕ್ಕದಲ್ಲಿದ್ದಾಳೋ ಇಲ್ವೋ ಗೊತ್ತಾಗ್ತಿರ್ಲಿಲ್ಲ. ಕೈ ಚಾಚಿ ಮುಟ್ಟಿ ನೋಡ್ಬೇಕಿತ್ತು.”

ಅವಳ ಕೈ ಕಂಬಳಿಯ ಕೆಳಗೆ ಪಕ್ಕಕ್ಕೆ ಸರಿದು ನಿಂತಿತು. ಭುಜದ ಬಳಿ ಕಂಬಳಿ ಜಾರಿತ್ತು. ಅದನ್ನು ಸರಿಮಾಡಲು ವೆಗಾರ್ ಬಾಗಿದ.

“ಕೈ ತೊಳೆದಿದ್ದೀಯಾ?” ಎಂದಳು ಅಜ್ಜಿ.

ಅವನು ತೊಳೆದಿರಲಿಲ್ಲ. ಹಿಂದಿನ ಮನೆಯಿಂದ ನೇರ ಬಂದಿದ್ದ. ಬಚ್ಚಲಿಗೆ ಹೋಗಿ ಹಸಿರು ಸೋಪು ಹಚ್ಚಿ ಮೊಣಕೈವರೆಗೆ ಉಜ್ಜಿದ, ಉಗುರಿನ ಸಂದಿಗೂ ಬಿಡದೆ ಉಜ್ಜಿದ, ಒರೆಸಿಕೊಂಡು ಬಂದು ಕೈಗಳನ್ನು ಅವಳ ಮುಂದೆ ಚಾಚಿದ. ಅಜ್ಜಿ ಒಂದು ಕಣ್ಣು ತೆರೆದು ಮೂಸಿ ನೋಡಿದಳು.

“ಇನ್ನೊಂದ್ಸಲ” ಎಂದಳು.